ಮೇಲ್‌ನಲ್ಲಿ ಕಾಣದ ಮಳೆಯ ಚಾರ್ಟ್: ಒಂದು ಪ್ರಕರಣ ಅಧ್ಯಯನ

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮೇಲ್ ಹೋಗಿತ್ತು. ಹತ್ತೂವರೆಗೆ ಮೊದಲ ಫೋನ್ ಬಂತು. "ಮೇಡಂ, ಮೇಲ್ ಬಂದೈತೆ. ಮೇಲೆ ಬರಹ ಐತೆ, ಕೆಳಗೂ ಐತೆ. ನಡುವೆ ಏನೂ ಇಲ್ಲ, ಬರೀ ಬಿಳಿ." ಮಧ್ಯಾಹ್ನದ ಹೊತ್ತಿಗೆ ಇಂಥದ್ದೇ ಹನ್ನೊಂದು ಫೋನ್ ಬಂದಿದ್ದವು. ಆ ಬಿಳಿ ಜಾಗ ತುಂಬಿಸಲು ನಮಗೆ ಐದು ವಾರ ಹಿಡಿಯಿತು. ನಾವು ತಪ್ಪಿದ್ದು ಎಲ್ಲಿ, ಯಾವ ದಾರಿ ಬಿಟ್ಟೆವು, ಯಾವುದನ್ನು ಯಾಕೆ ಹಿಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಸಂಸ್ಥೆಯ ಹೆಸರು, ಊರು, ಜನರ ಗುರುತು ಹೇಳಿಲ್ಲ. ಒಂದೆರಡು ಹೊರಗಿನ ವಿವರ ಬದಲಿಸಿದ್ದೇನೆ. ತಾಂತ್ರಿಕ ವಿವರ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ರೈತ ಗುಂಪುಗಳ ಜೊತೆ ಕೆಲಸ ಮಾಡುವ ಚಿಕ್ಕ ಸಂಸ್ಥೆ ಅದು. ಗುಂಪಿನವರು ಊರಿನ ಮಳೆ ಮಾಪಕ ನೋಡಿ ಎಷ್ಟು ಮಿಲಿಮೀಟರ್ ಬಿತ್ತು ಎಂದು ಬರೆದಿಡುತ್ತಾರೆ. ವಾರಕ್ಕೊಮ್ಮೆ ಕೆಲವು ಕೊಳವೆಬಾವಿಗಳಿಗೆ ಟೇಪ್ ಇಳಿಸಿ ನೀರು ಎಷ್ಟು ಅಡಿ ಕೆಳಗಿದೆ ಎಂದು ಅಳೆಯುತ್ತಾರೆ. ಈ ಲೆಕ್ಕವೆಲ್ಲ ಸಂಸ್ಥೆಯ ವೆಬ್ ಪುಟಕ್ಕೆ ಹೋಗಿ ಎರಡು ಚಾರ್ಟ್ ಆಗುತ್ತದೆ. ಒಂದರಲ್ಲಿ ಮಳೆಯ ಕಂಬಗಳು, ಇನ್ನೊಂದರಲ್ಲಿ ಅಂತರ್ಜಲ ಮಟ್ಟದ ಗೆರೆ.

ಮಳೆಯ ಚಾರ್ಟ್‌ನ ಕೆಳಗೆ ತಿಂಗಳ ಹೆಸರಿಲ್ಲ, ಮಳೆ ನಕ್ಷತ್ರಗಳ ಹೆಸರಿವೆ. ರೈತರು ಲೆಕ್ಕ ಹಿಡಿಯುವುದೇ ಹಾಗೆ ಅಲ್ವಾ? ಜೂನ್ ಮೊದಲ ವಾರ ಮುಗಿಯುವಾಗ ಮೃಗಶಿರಾ ಹುಟ್ಟುತ್ತದೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. "ಜುಲೈನಲ್ಲಿ ಎಷ್ಟು ಬಿತ್ತು" ಎಂದು ಕೇಳಿದರೆ ಯೋಚಿಸುವವರು "ಪುಷ್ಯ ಹೇಗಾಯ್ತು" ಎಂದರೆ ತಕ್ಷಣ ಹೇಳುತ್ತಾರೆ. ಈ ಹೆಸರುಗಳನ್ನು ಈಗಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಮಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಇವೇ.

ಚಾರ್ಟ್‌ಗಳು ಎಸ್‌ವಿಜಿ ರೂಪದಲ್ಲಿದ್ದವು. ಎಸ್‌ವಿಜಿ ಅಂದರೆ ಚಿತ್ರವನ್ನು ಚುಕ್ಕಿಗಳ ರಾಶಿಯಾಗಿ ಇಡದೆ ಸೂಚನೆಗಳಾಗಿ ಇಡುವ ರೀತಿ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ನೀಲಿ ಕಂಬ ನಿಲ್ಲಿಸು, ಇಲ್ಲಿ ಈ ಪದ ಬರೆ. ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ವೆಬ್‌ನ ಗುಣಮಟ್ಟ ನಿಗದಿ ಮಾಡುವ ಡಬ್ಲ್ಯು3ಸಿ 2001ರಲ್ಲೇ ಇದನ್ನು ಒಪ್ಪಿದೆ. ಇವತ್ತು ಎಲ್ಲ ಬ್ರೌಸರ್‌ಗಳಿಗೂ ಇದು ಗೊತ್ತು. ಹಾಗಾಗಿ ವೆಬ್ ಪುಟದಲ್ಲಿ ಎಲ್ಲ ಚೆನ್ನಾಗಿಯೇ ಇತ್ತು.

ಆದರೆ ವೆಬ್ ಪುಟವನ್ನು ಯಾರೂ ತೆರೆಯುತ್ತಿರಲಿಲ್ಲ. ಲಿಂಕ್ ನೆನಪಿಟ್ಟು, ಪಾಸ್‌ವರ್ಡ್ ಹಾಕಿ ನೋಡಲು ಯಾರಿಗೆ ಪುರುಸೊತ್ತು? ಅದಕ್ಕೇ ಸಂಯೋಜಕರು ಪ್ರತಿ ಸೋಮವಾರ ಚಾರ್ಟ್ ಮೇಲ್‌ನಲ್ಲೇ ಹೋಗಲಿ ಎಂದರು. ಗುಂಪುಗಳ ಕಾರ್ಯದರ್ಶಿಗಳು, ಪಂಚಾಯಿತಿಯವರು, ಕೃಷಿ ಕಚೇರಿಯವರು, ಹಣ ಕೊಡುವ ಕೆಲವರು ಸೇರಿ ಸುಮಾರು 180 ಜನ. ಸಂಸ್ಥೆಗೆ ಡೆವಲಪರ್ ಇರುವುದು ಒಬ್ಬರೇ. ಹೊರಗಿನಿಂದ ಸಹಾಯಕ್ಕೆ ನಾನು.

ಬಿಳಿ ಜಾಗ ಯಾಕೆ ಬಂತು

ಮೊದಲ ಮೇಲ್‌ನಲ್ಲಿ ಡೆವಲಪರ್ ಮಾಡಿದ್ದು ಸರಳ. ವೆಬ್ ಪುಟದ ಎಸ್‌ವಿಜಿ ಭಾಗವನ್ನು ಹಾಗೇ ತೆಗೆದು ಮೇಲ್‌ನ ಎಚ್‌ಟಿಎಂಎಲ್ (ಪುಟದಲ್ಲಿ ಏನು ಎಲ್ಲಿ ಇರಬೇಕೆಂದು ಹೇಳುವ ಕೋಡ್) ಒಳಗೆ ಅಂಟಿಸಿದರು. ಅವರ ಐಫೋನ್‌ನ ಆಪಲ್ ಮೇಲ್‌ನಲ್ಲಿ ಚಾರ್ಟ್ ಕಂಡಿತು. ಅದನ್ನು ನಂಬಿ ಎಲ್ಲರಿಗೂ ಕಳಿಸಿದರು.

ಮೇಲ್ ಓದುವ ಆ್ಯಪ್‌ಗಳು ಬ್ರೌಸರ್‌ನಂತೆ ನಡೆದುಕೊಳ್ಳುವುದಿಲ್ಲ. ಎಸ್‌ವಿಜಿ ಒಳಗೆ ಸ್ಕ್ರಿಪ್ಟ್, ಅಂದರೆ ತಾನಾಗಿ ಓಡುವ ಕೋಡ್, ಬಚ್ಚಿಡಬಹುದು. ಹಾಗಾಗಿ ಗುರುತಿಲ್ಲದವರಿಂದ ಬಂದ ಎಚ್‌ಟಿಎಂಎಲ್ ಅನ್ನು ಅವು ಹುಷಾರಾಗಿ ಸೋಸುತ್ತವೆ. ಜಿಮೇಲ್ ಎಸ್‌ವಿಜಿ ಭಾಗವನ್ನು ಕಿತ್ತು ಹಾಕಿ ಉಳಿದದ್ದನ್ನು ತೋರಿಸುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವ ಹಳೆಯ ಮಾದರಿಯ (ಕ್ಲಾಸಿಕ್) ಔಟ್‌ಲುಕ್ 2007ರಿಂದ ಮೇಲ್ ಬಿಡಿಸಲು ಬ್ರೌಸರ್ ಬಳಸುವುದನ್ನು ಬಿಟ್ಟು ವರ್ಡ್‌ನ ಎಂಜಿನ್ ಬಳಸುತ್ತಿದೆ. ಅದರಲ್ಲೂ ಮೇಲ್‌ಗೆ ಅಂಟಿಸಿದ ಎಸ್‌ವಿಜಿ ಕಾಣುವುದಿಲ್ಲ. ನಮ್ಮ ಪಟ್ಟಿಯಲ್ಲಿ ಹತ್ತಕ್ಕೆ ಎಂಟು ಜನ ಆಂಡ್ರಾಯ್ಡ್ ಫೋನ್‌ನ ಜಿಮೇಲ್‌ನಲ್ಲೇ ಓದುತ್ತಾರೆ. ಕೃಷಿ ಕಚೇರಿಯವರದು ಹಳೆಯ ಔಟ್‌ಲುಕ್. ಅಂದರೆ ಚಾರ್ಟ್ ಸರಿಯಾಗಿ ಕಂಡಿದ್ದು, ಅದನ್ನು ಮಾಡಿದವರಿಗೂ ಇನ್ನು ನಾಲ್ಕಾರು ಜನಕ್ಕೂ ಅಷ್ಟೇ.

ಎರಡನೇ ವಾರ ಎಸ್‌ವಿಜಿ ಫೈಲನ್ನು ಸರ್ವರ್ ಮೇಲೆ ಇಟ್ಟು ಅದರ ಲಿಂಕ್ ಹಾಕಿದೆವು. ಜಿಮೇಲ್‌ಗೆ ಅದೂ ಬೇಡ. ಹೊರಗಿನ ಚಿತ್ರಗಳನ್ನು ಅದು ತನ್ನದೇ ಸರ್ವರ್ ಮೂಲಕ ತರಿಸಿಕೊಂಡು ತೋರಿಸುತ್ತದೆ, ಅಲ್ಲಿ ಎಸ್‌ವಿಜಿಗೆ ಜಾಗವಿಲ್ಲ. ಬಿಳಿ ಜಾಗದ ಬದಲು ಮುರಿದ ಚಿತ್ರದ ಗುರುತು ಬಂತು, ಅಷ್ಟೇ ವ್ಯತ್ಯಾಸ.

ಅಲ್ಲಿಗೆ ಒಂದು ವಿಷಯ ತೀರ್ಮಾನವಾಯಿತು. ಸೂಚನೆಗಳ ಚಿತ್ರವನ್ನು ನಾವೇ ಚುಕ್ಕಿಗಳ ಚಿತ್ರವಾಗಿ ಬದಲಿಸಿ ಕಳಿಸಬೇಕು. ರೂಪ ಯಾವುದು ಅನ್ನುವುದಕ್ಕೆ ಜಾಸ್ತಿ ಚರ್ಚೆ ಬೇಕಾಗಲಿಲ್ಲ. ಜೆಪೆಗ್ ಫೋಟೋಗೆ ಚೆನ್ನ, ಆದರೆ ಅಕ್ಷರದ ಅಂಚಿಗೆ ಕೊಳೆ ಮೆತ್ತಿದಂತೆ ಮಾಡುತ್ತದೆ. ವೆಬ್‌ಪಿ ಹಳೆಯ ಔಟ್‌ಲುಕ್‌ನಲ್ಲಿ ನಡೆಯುವುದಿಲ್ಲ. ಉಳಿದದ್ದು ಪಿಎನ್‌ಜಿ.

ಕಪ್ಪು ಗುಡ್ಡ, ಖಾಲಿ ಡಬ್ಬಿ, ಒಡೆದ ಅಕ್ಷರ

ಎಸ್‌ವಿಜಿಯನ್ನು ಪಿಎನ್‌ಜಿ ಮಾಡುವುದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆವು. ಇದಕ್ಕೇ ಎರಡು ವಾರ ಹೋಯಿತು. ಕನ್ನಡದಲ್ಲಿ ಚಾರ್ಟ್ ಮಾಡುವವರಿಗೆ ಈ ಭಾಗ ಹೆಚ್ಚು ಉಪಯೋಗಕ್ಕೆ ಬರಬಹುದು, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಮೊದಲು ಬಳಸಿದ್ದು ಒಂದು ಸಣ್ಣ ಪೈಥಾನ್ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಕಟ್ಟು. ಫೈಲ್ ಕೊಟ್ಟರೆ ಪಿಎನ್‌ಜಿ ಕೊಡುತ್ತದೆ. ಕೊಟ್ಟಿತು ಕೂಡ. ಆದರೆ ನೀಲಿ ಕಂಬಗಳೆಲ್ಲ ಕಪ್ಪಾಗಿದ್ದವು. ಅಂತರ್ಜಲದ ಗೆರೆ ಇರಬೇಕಾದ ಕಡೆ ಒಂದು ಕಪ್ಪು ಗುಡ್ಡ ಎದ್ದು ನಿಂತಿತ್ತು.

ಕಾರಣ ತಿಳಿದ ಮೇಲೆ ಸರಳ ಅನಿಸಿತು. ಬಣ್ಣ, ಗೆರೆಯ ದಪ್ಪ, ಅಕ್ಷರದ ಗಾತ್ರ, ಇವೆಲ್ಲ ಎಸ್‌ವಿಜಿ ಒಳಗೆ ಇರಲಿಲ್ಲ. ವೆಬ್ ಪುಟದ ಸಿಎಸ್‌ಎಸ್ ಫೈಲಿನಲ್ಲಿದ್ದವು. ಚಾರ್ಟನ್ನು ಪುಟದಿಂದ ಬಿಡಿಸಿ ತಂದಾಗ ಆ ಅಲಂಕಾರ ಅಲ್ಲೇ ಉಳಿಯಿತು. ಏನೂ ಹೇಳದಿದ್ದರೆ ಎಸ್‌ವಿಜಿಯ ನಿಯಮ ಏನೆಂದರೆ, ಆಕಾರದ ಒಳಗೆ ಕಪ್ಪು ತುಂಬು, ಅಂಚಿಗೆ ಗೆರೆ ಬೇಡ. ಅದಕ್ಕೇ ಗೆರೆ ಮಾಯವಾಗಿ ಅದರ ಕೆಳಗಿನ ಜಾಗ ಕಪ್ಪಾಯಿತು. ಡೆವಲಪರ್ ಕೂತು ಪ್ರತಿ ಕಂಬ, ಗೆರೆ, ಪದದ ಬಣ್ಣ ಮತ್ತು ಗಾತ್ರವನ್ನು ಎಸ್‌ವಿಜಿಯ ಒಳಗೇ ಬರೆದರು. ಹೊರಗಿನ ಯಾವ ಫೈಲನ್ನೂ ನಂಬಿಕೊಳ್ಳದ, ಎತ್ತಿಕೊಂಡು ಎಲ್ಲಿಟ್ಟರೂ ಒಂದೇ ತರಹ ಕಾಣುವ ಎಸ್‌ವಿಜಿ ಆಯಿತು.

ಬಣ್ಣ ಬಂತು. ಈಗ ಅಕ್ಷರಗಳ ಜಾಗದಲ್ಲಿ ಖಾಲಿ ಡಬ್ಬಿಗಳು. ಸರ್ವರ್‌ನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಡೆವಲಪರ್ ಅವರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ, ಹಾಗಾಗಿ ಅಲ್ಲಿ ಈ ತೊಂದರೆ ಕಂಡಿರಲಿಲ್ಲ. ಸರ್ವರ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿದೆವು. ಲ್ಯಾಪ್‌ಟಾಪ್‌ಗೂ ಅದನ್ನೇ ಹಾಕಿ, ಎಸ್‌ವಿಜಿ ಒಳಗೆ ಅದರ ಹೆಸರನ್ನೇ ಬರೆದೆವು. ಎರಡು ಕಡೆ ಎರಡು ಫಾಂಟ್ ಇದ್ದರೆ ಅಕ್ಷರದ ಅಗಲ ಬೇರೆಯಾಗುತ್ತದೆ, ಒಂದು ಪದ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ವೆಬ್ ಫಾಂಟ್ ಲಿಂಕ್ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ನಾವು ಕೊನೆಗೆ ಬಳಸಿದ ಟೂಲ್ ಸೇರಿದಂತೆ ಬ್ರೌಸರ್ ಅಲ್ಲದ ಅನೇಕ ಟೂಲ್‌ಗಳು ಅದನ್ನು ತರಿಸಿಕೊಳ್ಳುವುದಿಲ್ಲ. ಯಂತ್ರದಲ್ಲಿ ಇರುವ ಫಾಂಟ್ ಮಾತ್ರ ಅವುಗಳಿಗೆ ಗೊತ್ತು.

ಡಬ್ಬಿ ಹೋಗಿ ಕನ್ನಡ ಬಂತು. ಡೆವಲಪರ್ ಖುಷಿಯಾಗಿ ನನಗೆ ಚಿತ್ರ ಕಳಿಸಿದರು. ನಾನು ದೊಡ್ಡದು ಮಾಡಿ ನೋಡಿದೆ. "ಅಂತರ್ಜಲ ಮಟ್ಟ" ಎಂದು ಇರಬೇಕಾದ ಕಡೆ ಟ ಆದ ಮೇಲೆ ಚುಕ್ಕಿಗಳ ವೃತ್ತದ ಮೇಲೆ ಕೂತ ಹಲಂತ, ಆಮೇಲೆ ಮತ್ತೊಂದು ಟ. ಅರ್ಕಾವೊತ್ತು ಇಲ್ಲ. "ಪುಷ್ಯ"ದಲ್ಲಿ ಯ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತ್ತು. "ಕೊಳವೆಬಾವಿ"ಯ ಮೊದಲಕ್ಷರದಲ್ಲಿ ಕ ಒಂದು ಕಡೆ, ಅದರ ಗುಣಿತದ ಚಿಹ್ನೆ ಇನ್ನೊಂದು ಕಡೆ.

ಈ ಹಂತದಲ್ಲಿ ಸಭೆಯಲ್ಲಿ ಒಬ್ಬರು ಹೇಳಿದರು: "ಸುಮ್ನೆ ಲೇಬಲ್‌ಗಳನ್ನ ಇಂಗ್ಲಿಷ್‌ನಲ್ಲಿ ಹಾಕಿಬಿಡೋಣ, ಇವತ್ತೇ ಮುಗಿಯುತ್ತೆ." ತಡವಾಗಿತ್ತು, ಎಲ್ಲರೂ ಸುಸ್ತಾಗಿದ್ದರು, ಮಾತು ಸುಲಭವಾಗಿಯೂ ಇತ್ತು. ಸಂಯೋಜಕರು ಒಪ್ಪಲಿಲ್ಲ. "ಆಶ್ಲೇಷಾ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಬರೆದು ಯಾರಿಗೆ ಕಳಿಸ್ತೀರಿ? ಓದೋರು ನಮ್ಮ ಕಾರ್ಯದರ್ಶಿಗಳು." ಈ ಪ್ರಕರಣದ ಮೊದಲ ತಿರುವು ಇದೇ. ಅವತ್ತು ಅವರು ಹೂಂ ಅಂದಿದ್ದರೆ ಚಾರ್ಟ್ ಸೋಮವಾರಕ್ಕೇ ಹೋಗುತ್ತಿತ್ತು. ಕಾರ್ಯದರ್ಶಿಗಳಿಗೆ ಮಾತ್ರ ಅದು ತಲುಪುತ್ತಿರಲಿಲ್ಲ. ಅವರು ಗಟ್ಟಿಯಾಗಿ ನಿಂತಿದ್ದು ಸರಿ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಅಕ್ಷರ ಒಡೆದಿದ್ದಕ್ಕೆ ಕಾರಣ ಹೀಗೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ "ಟ್ಟ" ಒಂದೇ ಅಕ್ಷರವಲ್ಲ. ಟ, ಹಲಂತ, ಟ ಎಂಬ ಮೂರು ಸಂಕೇತಗಳ ಸಾಲು. ಆ ಮೂರನ್ನು ಒಟ್ಟಿಗೆ ನೋಡಿ, ಎರಡನೇ ಟ ಒತ್ತಾಗಿ ಕೆಳಗೆ ಇಳಿಯಬೇಕು ಎಂದು ತೀರ್ಮಾನಿಸಲು ಬೇರೆ ಒಂದು ಭಾಗ ಬೇಕು. ಅದಕ್ಕೆ ಶೇಪಿಂಗ್ ಅನ್ನುತ್ತಾರೆ. ಆ ಕೆಲಸಕ್ಕೆ ಹಾರ್ಫ್‌ಬಝ್ ಎಂಬ ಲೈಬ್ರರಿ ತುಂಬಾ ಕಡೆ ಬಳಕೆಯಲ್ಲಿದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಅದಿದೆ. ನಾವು ಬಳಸಿದ ಪುಟ್ಟ ಟೂಲ್ ಪದವನ್ನು ಒಂದೊಂದೇ ಸಂಕೇತವಾಗಿ ಬಿಡಿಸಿ ಬರೆಯುತ್ತಿತ್ತು. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಸಾಲದು. ಫಾಂಟ್ ಸರಿಯಿದ್ದರೂ ಸಾಲದು.

ಎರಡು ದಾರಿ ಇದ್ದವು. ಒಂದು, ತೆರೆಯ ಹಿಂದೆ ಪೂರ್ತಿ ಕ್ರೋಮ್ ಓಡಿಸಿ, ಚಾರ್ಟ್ ತೆರೆದು ಸ್ಕ್ರೀನ್‌ಶಾಟ್ ತೆಗೆಯುವುದು. ಸಿಎಸ್‌ಎಸ್, ಫಾಂಟ್, ಒತ್ತಕ್ಷರ ಎಲ್ಲವೂ ಅಲ್ಲಿ ತಾನಾಗಿ ಸರಿಹೋಗುತ್ತದೆ. ಇದನ್ನೇ ಮೊದಲು ಮಾಡಿದ್ದರೆ ಕಪ್ಪು ಗುಡ್ಡವನ್ನೂ ನೋಡಬೇಕಿರಲಿಲ್ಲ. ಆದರೆ ಸಂಸ್ಥೆಯ ಸರ್ವರ್‌ಗೆ ಇರುವುದು 1 ಜಿಬಿ ಮೆಮೊರಿ. ಅಲ್ಲಿ ಬ್ರೌಸರ್ ಓಡಿಸಿದಾಗ ಉಳಿದ ಕೆಲಸ ಕುಂಟತೊಡಗಿತು. ಇನ್ನೊಂದು, ಲಿಬ್‌ಆರ್‌ಎಸ್‌ವಿಜಿ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಬಳಗದವರು ನೋಡಿಕೊಳ್ಳುವ, ಎಸ್‌ವಿಜಿ ಬಿಡಿಸುವ ಲೈಬ್ರರಿ ಅದು. ಅಕ್ಷರದ ಕೆಲಸವನ್ನು ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಗೆ ಒಪ್ಪಿಸುತ್ತದೆ, ಪ್ಯಾಂಗೋ ಹಾರ್ಫ್‌ಬಝ್‌ಗೆ. ಅದರ ಜೊತೆ ಬರುವ ಚಿಕ್ಕ ಕಮಾಂಡ್‌ಗೆ ಫೈಲ್ ಕೊಟ್ಟೆವು. ಸೆಕೆಂಡಿನೊಳಗೆ ಪಿಎನ್‌ಜಿ ಬಂತು. ಟ್ಟ ಒಂದಾಗಿತ್ತು. ಹುಬ್ಬ, ಉತ್ತರೆ, ಚಿತ್ತೆ, ಸ್ವಾತಿ ಎಲ್ಲವೂ ಸರಿ.

ಅವತ್ತಿನಿಂದ ಮಳೆ ನಕ್ಷತ್ರಗಳ ಪಟ್ಟಿಯೇ ನಮ್ಮ ಪರೀಕ್ಷೆಯ ಸಾಲು. ಯಾವ ಹೊಸ ಟೂಲ್ ಬಂದರೂ ಮೊದಲು ಅದಕ್ಕೆ "ಕೃತ್ತಿಕಾ, ಪುನರ್ವಸು, ಪುಷ್ಯ, ಆಶ್ಲೇಷಾ, ಹುಬ್ಬ" ಕೊಡುತ್ತೇವೆ. ವಟ್ರಸುಳಿ, ಅರ್ಕಾವೊತ್ತು, ಸಜಾತಿ ಒತ್ತು, ವಿಜಾತಿ ಒತ್ತು ಎಲ್ಲವೂ ಅದರಲ್ಲಿ ಇವೆ. ಸಂಸ್ಥೆಯ ಲೋಗೋ ವಿಷಯದಲ್ಲಿ ಮಾತ್ರ ಬೇರೆ ದಾರಿ ಹಿಡಿದೆವು. ಅದು ಬದಲಾಗದ ಚಿತ್ರ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನೇ ಆಕಾರಗಳಾಗಿ ಬದಲಿಸಿ ಇಟ್ಟೆವು. ಇನ್ನು ಅದಕ್ಕೆ ಫಾಂಟ್ ಬೇಕಿಲ್ಲ. ವಾರವಾರ ಬದಲಾಗುವ ಚಾರ್ಟ್‌ಗೆ ಈ ಉಪಾಯ ಆಗುವುದಿಲ್ಲ.

ಎನ್‌ಕೋಡ್ ಮಾಡಿದ ಚಿತ್ರ ಎಲ್ಲಿ ಇರಬೇಕು

ನಾಲ್ಕನೇ ವಾರ ಪಿಎನ್‌ಜಿ ಸಿದ್ಧ. ಈಗ ಅದನ್ನು ಮೇಲ್‌ನೊಳಗೆ ಸೇರಿಸಬೇಕು. ಡೆವಲಪರ್ ಅದನ್ನು ಬೇಸ್64 ಮಾಡಿ, ಚಿತ್ರದ ಟ್ಯಾಗ್‌ನ ಒಳಗೇ ಡೇಟಾ ಯುಆರ್‌ಐ ಆಗಿ ಇಟ್ಟರು. ಅಂದರೆ ಚಿತ್ರದ ವಿಳಾಸ ಬರೆಯುವ ಜಾಗದಲ್ಲಿ ಇಡೀ ಚಿತ್ರವನ್ನೇ ಅಕ್ಷರಗಳಾಗಿ ಬರೆದಿದ್ದರು.

ಬೇಸ್64 ಬಗ್ಗೆ ಎರಡು ಮಾತು. ಮೇಲ್ ಕಳಿಸುವ ಎಸ್‌ಎಂಟಿಪಿ ಪದ್ಧತಿ 1982ರಲ್ಲಿ ಬಂದಾಗ ಅದು ಸರಳ ಇಂಗ್ಲಿಷ್ ಬರಹಕ್ಕೆ ಮಾಡಿದ್ದು. ಚಿತ್ರದ ಬೈಟ್‌ಗಳನ್ನು ಹಾಗೇ ಅದರಲ್ಲಿ ತೂರಿಸಲು ಆಗುತ್ತಿರಲಿಲ್ಲ. ಹತ್ತು ವರ್ಷದ ಮೇಲೆ, 1992ರಲ್ಲಿ ಬಂದ ಮೈಮ್ ಪದ್ಧತಿ ಇದಕ್ಕೆ ದಾರಿ ಮಾಡಿತು. ಮೂರು ಬೈಟ್ ಅಂದರೆ 24 ಬಿಟ್. ಅದನ್ನು ಆರಾರು ಬಿಟ್‌ನ ನಾಲ್ಕು ತುಂಡು ಮಾಡಿ, ಒಂದೊಂದು ತುಂಡಿಗೆ 64 ಸುರಕ್ಷಿತ ಅಕ್ಷರಗಳಲ್ಲಿ ಒಂದನ್ನು ಬರೆಯುವುದು. ಮೂರು ಇದ್ದದ್ದು ನಾಲ್ಕಾಗುತ್ತದೆ. ಗಾತ್ರ ಮೂರನೇ ಒಂದು ಭಾಗ ಬೆಳೆಯುತ್ತದೆ.

ಬ್ರೌಸರ್‌ನಲ್ಲಿ ಪ್ರಿವ್ಯೂ ನೋಡಿದೆವು, ಚಾರ್ಟ್ ಇತ್ತು. ಐಫೋನ್‌ನಲ್ಲೂ ಇತ್ತು. ಈ ಸಲ ಬುದ್ಧಿ ಬಂದಿತ್ತು, ಎಲ್ಲರಿಗೂ ಕಳಿಸುವ ಮೊದಲು ಒಂದು ಆಂಡ್ರಾಯ್ಡ್ ಫೋನ್ ಮತ್ತು ಒಂದು ಔಟ್‌ಲುಕ್‌ಗೆ ಕಳಿಸಿದೆವು. ಎರಡರಲ್ಲೂ ಇಲ್ಲ. ಜಿಮೇಲ್ ಡೇಟಾ ಯುಆರ್‌ಐ ಚಿತ್ರ ತೋರಿಸುವುದಿಲ್ಲ. ವರ್ಡ್ ಎಂಜಿನ್‌ನ ಔಟ್‌ಲುಕ್ ಕೂಡ ತೋರಿಸುವುದಿಲ್ಲ. ಜೊತೆಗೆ ಇನ್ನೊಂದು ಪೆಟ್ಟು. ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಮೇಲನ್ನು ಅಲ್ಲಿಗೇ ಕತ್ತರಿಸಿ, ಪೂರ್ತಿ ನೋಡಲು ಒಂದು ಲಿಂಕ್ ಕೊಡುತ್ತದೆ. ನಮ್ಮ ಎರಡು ಚಾರ್ಟ್ 58 ಕೆಬಿ ಮತ್ತು 41 ಕೆಬಿ ಇದ್ದವು. ಬೇಸ್64 ಆದಾಗ 77 ಮತ್ತು 55. ಒಟ್ಟು 132. ಹಾಗಾಗಿ ಕೆಳಗಿದ್ದ ಬರಹವೂ ಹೋಗಿತ್ತು. ಮೊದಲ ವಾರಕ್ಕಿಂತ ಪರಿಸ್ಥಿತಿ ಕೆಟ್ಟಿತ್ತು.

"ಹಾಗಾದ್ರೆ ಬೇಸ್64 ಮೇಲ್‌ಗೆ ಆಗಲ್ಲ ಅಂತಾಯ್ತು" ಎಂದು ಡೆವಲಪರ್ ಬೇಸರದಿಂದ ಹೇಳಿದರು. ಅಲ್ಲೇ ನಾವಿಬ್ಬರೂ ಒಂದು ತಪ್ಪು ತಿಳುವಳಿಕೆ ಬಿಡಿಸಿಕೊಂಡೆವು. ಮೇಲ್‌ಗೆ ಬರುವ ಪಿಡಿಎಫ್, ಫೋಟೋ ಎಲ್ಲವೂ ಸಾಮಾನ್ಯವಾಗಿ ಬೇಸ್64 ಆಗಿಯೇ ಬರುತ್ತವೆ. ಎನ್‌ಕೋಡಿಂಗ್‌ನಲ್ಲಿ ದೋಷವಿರಲಿಲ್ಲ. ಅದನ್ನು ಇಟ್ಟ ಜಾಗ ತಪ್ಪಾಗಿತ್ತು.

ಪತ್ರದ ಹೋಲಿಕೆ ಕೊಡುತ್ತೇನೆ. ಡೇಟಾ ಯುಆರ್‌ಐ ಅಂದರೆ ಪತ್ರದ ಸಾಲುಗಳ ನಡುವೆಯೇ ಫೋಟೋ ಅಂಟಿಸಿದ ಹಾಗೆ. ಇನ್ನೊಂದು ರೀತಿ, ಅದೇ ಲಕೋಟೆಯಲ್ಲಿ ಫೋಟೋವನ್ನು ಬೇರೆಯಾಗಿ ಇಟ್ಟು, ಅದರ ಹಿಂದೆ ಒಂದು ಗುರುತು ಬರೆದು, ಪತ್ರದಲ್ಲಿ "ಈ ಗುರುತಿನ ಫೋಟೋ ಇಲ್ಲಿ ನೋಡಿ" ಎನ್ನುವುದು. ಮೈಮ್‌ನಲ್ಲಿ ಆ ಗುರುತಿನ ಹೆಸರು ಕಂಟೆಂಟ್-ಐಡಿ. ಎಚ್‌ಟಿಎಂಎಲ್‌ನಲ್ಲಿ ಚಿತ್ರದ ವಿಳಾಸದ ಜಾಗಕ್ಕೆ ಸಿಐಡಿ ಎಂದು ಬರೆದು ಆ ಗುರುತು ಹಾಕಿದರೆ ಸಾಕು. ಎಚ್‌ಟಿಎಂಎಲ್ ಚಿಕ್ಕದಾಗಿಯೇ ಉಳಿಯುತ್ತದೆ, ಕತ್ತರಿಯ ಭಯವಿಲ್ಲ. ಜಿಮೇಲ್, ಔಟ್‌ಲುಕ್, ಆಪಲ್ ಮೇಲ್ ಮೂರೂ ಇದನ್ನು ಒಪ್ಪುತ್ತವೆ.

ಮೊದಲ ಪ್ರಯತ್ನದಲ್ಲಿ ಒಂದು ಚಿಕ್ಕ ಎಡವಟ್ಟಾಯಿತು. ಚಿತ್ರಗಳು ಮೇಲ್‌ನ ಕೆಳಗೆ ಬೇರೆ ಫೈಲ್‌ಗಳಾಗಿ ಬಂದವು, ಒಳಗೆ ಮುರಿದ ಗುರುತು. ಕಂಟೆಂಟ್-ಐಡಿಯನ್ನು ಚಿತ್ರದ ತಲೆಬರಹದಲ್ಲಿ ಕೋನ ಆವರಣದ ಒಳಗೆ ಬರೆಯಬೇಕು, ಎಚ್‌ಟಿಎಂಎಲ್‌ನಲ್ಲಿ ಆವರಣ ತೆಗೆದು ಬರೆಯಬೇಕು. ನಾವು ಎರಡೂ ಕಡೆ ಒಂದೇ ತರಹ ಬರೆದಿದ್ದೆವು. ಜೊತೆಗೆ ಎಚ್‌ಟಿಎಂಎಲ್ ಮತ್ತು ಚಿತ್ರಗಳು "ಮಲ್ಟಿಪಾರ್ಟ್ ರಿಲೇಟೆಡ್" ಎಂಬ ಒಂದೇ ಕಟ್ಟಿನಲ್ಲಿ ಇರಬೇಕು. ನಮ್ಮದು "ಮಿಕ್ಸ್ಡ್" ಕಟ್ಟಿನಲ್ಲಿತ್ತು. ಪೈಥಾನ್‌ನ ಜೊತೆಗೇ ಬರುವ ಇಮೇಲ್ ಮಾಡ್ಯೂಲ್‌ನಲ್ಲಿ ಇದಕ್ಕೆಂದೇ ಬೇರೆ ಕಮಾಂಡ್ ಇದೆ. ಅದನ್ನು ಬಳಸಿದ ಮೇಲೆ ಸರಿಹೋಯಿತು.

ಸರ್ವರ್ ಮೇಲೆ ಪಿಎನ್‌ಜಿ ಇಟ್ಟು ಲಿಂಕ್ ಕೊಡುವ ದಾರಿಯೂ ಇತ್ತು. ದೊಡ್ಡ ಕಂಪನಿಗಳ ಜಾಹೀರಾತು ಮೇಲ್‌ಗಳು ಹೆಚ್ಚಾಗಿ ಹಾಗೇ ಬರುವುದು. ಅದನ್ನೂ ಗಂಭೀರವಾಗಿ ಚರ್ಚಿಸಿದೆವು. ಬಿಟ್ಟದ್ದು ಮೂರು ಕಾರಣಕ್ಕೆ. ಕೊಳವೆಬಾವಿಯ ಚಾರ್ಟ್ ಆಯಾ ಗುಂಪಿನ ಸ್ವಂತ ಲೆಕ್ಕ. ಮೇಲ್‌ನಲ್ಲಿ ಕಾಣಬೇಕೆಂದರೆ ಪಾಸ್‌ವರ್ಡ್ ಇಲ್ಲದ ಲಿಂಕ್ ಬೇಕು, ಲಿಂಕ್ ಸಿಕ್ಕ ಯಾರಾದರೂ ಯಾರ ತೋಟದಲ್ಲಿ ನೀರಿದೆ ಎಂದು ನೋಡಬಹುದು. ನೀರಿನ ಟ್ಯಾಂಕರ್ ವ್ಯಾಪಾರ ಇರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಎರಡನೆಯದು, ಔಟ್‌ಲುಕ್ ಹೊರಗಿನ ಚಿತ್ರಗಳನ್ನು ಕೇಳದೆ ಇಳಿಸಿಕೊಳ್ಳುವುದಿಲ್ಲ, ಕಚೇರಿಯವರು ಪ್ರತಿ ಸಲ ಒತ್ತಬೇಕು. ಮೂರನೆಯದನ್ನು ಸಂಯೋಜಕರು ಹೇಳಿದರು: "ಮುಂದಿನ ವರ್ಷ ಸರ್ವರ್‌ಗೆ ದುಡ್ಡು ಇಲ್ಲದೆ ಹೋದ್ರೆ ಹಳೇ ಮೇಲ್‌ಗಳೆಲ್ಲ ಖಾಲಿ ಆಗ್ತವೆ." ಚಿತ್ರ ಮೇಲ್‌ನೊಳಗೇ ಇದ್ದರೆ ಆ ಭಯವಿಲ್ಲ.

ನಮ್ಮ ತೀರ್ಮಾನವನ್ನು ಎಲ್ಲರೂ ಹಾಗೇ ಎತ್ತಿಕೊಳ್ಳಬಾರದು. 180 ಜನಕ್ಕೆ ಇದು ಸರಿ. ಒಂದು ಲಕ್ಷ ಜನಕ್ಕೆ ಕಳಿಸುವವರಿಗೆ ಒಬ್ಬೊಬ್ಬರಿಗೂ ಚಿತ್ರ ಹೊತ್ತು ಕಳಿಸುವುದು ದುಬಾರಿ. ಅವರಿಗೆ ಲಿಂಕ್ ಮೇಲು.

ಸಣ್ಣಪುಟ್ಟದ್ದು ಎನಿಸಿದರೂ ಬಿಡಲಾಗದ್ದು

ಪಿಎನ್‌ಜಿಯ ಗಾತ್ರ ಇಳಿಸಿದ್ದು ಸುಲಭವಾಗಿ ಆಯಿತು. ಚಾರ್ಟ್‌ನಲ್ಲಿ ಇರುವುದು ಕೆಲವೇ ಬಣ್ಣ. ಪಿಎನ್‌ಜಿಕ್ವಾಂಟ್ ಎಂಬ ಟೂಲ್ ಲಕ್ಷಾಂತರ ಬಣ್ಣದ ಪಟ್ಟಿಯನ್ನು 256ರೊಳಗೆ ತರುತ್ತದೆ. 58 ಕೆಬಿ 19ಕ್ಕೆ ಇಳಿಯಿತು, 41 ಕೆಬಿ 14ಕ್ಕೆ. ಬೇಸ್64 ಆದ ಮೇಲೂ ಎರಡೂ ಸೇರಿ ಸುಮಾರು 44 ಕೆಬಿ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಅಗಲದ ವಿಷಯದಲ್ಲಿ ಮೊದಲು 600 ಪಿಕ್ಸೆಲ್‌ಗೆ ತೆಗೆದಿದ್ದೆವು. ಫೋನ್‌ನಲ್ಲಿ ಒತ್ತಕ್ಷರಗಳು ಮಸುಕಾದವು. ಕನ್ನಡದ ಒತ್ತು ಮೊದಲೇ ಚಿಕ್ಕದು, ಅದಕ್ಕೆ ಜಾಸ್ತಿ ಚುಕ್ಕಿ ಬೇಕು. 1200ಕ್ಕೆ ತೆಗೆದು, ಎಚ್‌ಟಿಎಂಎಲ್‌ನಲ್ಲಿ ಅಗಲ 600 ಎಂದು ಬರೆದೆವು. ಅದನ್ನು ಸಿಎಸ್‌ಎಸ್‌ನಲ್ಲಿ ಮಾತ್ರ ಬರೆದರೆ ಹಳೆಯ ಔಟ್‌ಲುಕ್ ಕೇಳುವುದಿಲ್ಲ, ಚಿತ್ರವನ್ನು ಪೂರ್ತಿ 1200ಕ್ಕೆ ಹರಡಿಬಿಡುತ್ತದೆ. ಚಿತ್ರದ ಟ್ಯಾಗ್‌ನಲ್ಲೇ ಅಗಲ ಬರೆಯಬೇಕು.

ಐದನೇ ವಾರ ಒಬ್ಬ ಕಾರ್ಯದರ್ಶಿ ಫೋನ್ ಮಾಡಿದರು. "ಕಂಬ ಕಾಣ್ತವೆ, ಹೆಸರು ಕಾಣ್ತಿಲ್ಲ." ಅವರ ಫೋನ್ ಡಾರ್ಕ್ ಮೋಡ್‌ನಲ್ಲಿತ್ತು. ನಮ್ಮ ಪಿಎನ್‌ಜಿಯ ಹಿನ್ನೆಲೆ ಪಾರದರ್ಶಕ. ಕಪ್ಪು ತೆರೆಯ ಮೇಲೆ ಕಪ್ಪು ಅಕ್ಷರ ಮುಳುಗಿ ಹೋಗಿತ್ತು. ಎಸ್‌ವಿಜಿಯ ತಳದಲ್ಲಿ ಒಂದು ಬಿಳಿ ಚೌಕ ಹಾಕಿದೆವು, ಮುಗಿಯಿತು.

ಅದೇ ಫೋನ್‌ನಲ್ಲಿ ಅವರು ಇನ್ನೊಂದು ಮಾತು ಹೇಳಿದರು. "ನಾನು ಚಿತ್ರಕ್ಕಿಂತ ಮೊದಲು ಹುಡುಕೋದು ಎರಡೇ ಮೇಡಂ. ನಮ್ಮೂರಿಗೆ ಎಷ್ಟು ಬಿತ್ತು, ವಾಡಿಕೆ ಎಷ್ಟು." ನಾವು ಐದು ವಾರ ಚಿತ್ರದ ಹಿಂದೆ ಬಿದ್ದಿದ್ದೆವು. ಅವರಿಗೆ ಬೇಕಾದ ಎರಡು ಅಂಕಿ ಚಿತ್ರದೊಳಗೆ ಸಿಕ್ಕಿಕೊಂಡಿದ್ದವು. ಅವತ್ತೇ ಚಾರ್ಟ್‌ನ ಮೇಲೆ ಒಂದು ಪುಟ್ಟ ಟೇಬಲ್ ಸೇರಿಸಿದೆವು. ಬರೀ ಎಚ್‌ಟಿಎಂಎಲ್ ಬರಹ, ಬಿದ್ದ ಮಳೆ ಮತ್ತು ವಾಡಿಕೆ ಮಳೆ. ಚಿತ್ರ ಯಾವ ಕಾರಣಕ್ಕೆ ಕಾಣದಿದ್ದರೂ ಅಂಕಿ ಕಾಣುತ್ತದೆ. ಚಿತ್ರಕ್ಕೆ ಬದಲಿ ಬರಹವನ್ನೂ ಕನ್ನಡದಲ್ಲಿ ಬರೆದೆವು. "ಚಾರ್ಟ್ 1" ಎಂದಲ್ಲ, "ಆರಿದ್ರಾ ಮಳೆ: ಬಿದ್ದದ್ದು ಇಷ್ಟು, ವಾಡಿಕೆ ಇಷ್ಟು" ಎಂದು. ಫೋನ್‌ನಿಂದ ಓದಿಸಿಕೊಂಡು ಕೇಳುವವರಿಗೆ ಚಾರ್ಟ್ ಸಿಗುವುದೇ ಆ ಬರಹದಲ್ಲಿ. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ಹನ್ನೊಂದು ಫೋನ್‌ಗಳಲ್ಲಿ ಅರ್ಧ ಬರುತ್ತಿರಲಿಲ್ಲ.

ಮೇಲ್ ಬಿಟ್ಟು ಹೊರಟ ಚಿತ್ರ

ಆಮೇಲೆ ಆದದ್ದನ್ನು ನಾವು ಯಾರೂ ಊಹಿಸಿರಲಿಲ್ಲ. ಎಸ್‌ವಿಜಿ ಇದ್ದಾಗ ಚಾರ್ಟನ್ನು ಯಾರೂ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಪಿಎನ್‌ಜಿ ಆದ ಮೇಲೆ ಅದು ಫೋನ್‌ನಲ್ಲಿ ಸೇವ್ ಆಗತೊಡಗಿತು. ಕಾರ್ಯದರ್ಶಿಗಳು ಅದನ್ನು ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಮೇಲ್ 180 ಜನಕ್ಕೆ ಹೋದರೆ ಚಿತ್ರ ಅದಕ್ಕಿಂತ ಎಷ್ಟೋ ದೂರ ಹೋಯಿತು. ಎಲ್ಲರಿಗೂ ಸಂತೋಷ.

ಆಶ್ಲೇಷಾ ಮಳೆಯ ಹೊತ್ತಿಗೆ ಒಂದು ಊರಿನಲ್ಲಿ ಜಗಳವಾಯಿತು. ಎರಡು ವಾರ ಹಿಂದಿನ ಚಾರ್ಟನ್ನು ಈ ವಾರದ್ದು ಎಂದು ಯಾರೋ ಹಾಕಿದ್ದರು. "ಅಳತೆ ಸುಳ್ಳು, ಮೊನ್ನೆ ಮಳೆ ಬಂದೇ ಇಲ್ಲ" ಎಂದು ಕೆಲವರು ಮಾಪಕ ನೋಡುವ ಹುಡುಗನನ್ನು ಬೈದರು. ಹುಡುಗನದು ಏನೂ ತಪ್ಪಿರಲಿಲ್ಲ. ತಪ್ಪು ನಮ್ಮದು. ಊರಿನ ಹೆಸರು, ತಾರೀಖು ಎಲ್ಲ ಮೇಲ್‌ನ ಬರಹದಲ್ಲಿತ್ತು. ಚಿತ್ರದಲ್ಲಿ ಇರಲಿಲ್ಲ. ಚಿತ್ರ ಮೇಲ್ ಬಿಟ್ಟು ಹೊರಟಾಗ ಅವೆರಡೂ ಹಿಂದೆ ಉಳಿದವು. ವೆಬ್ ಪುಟದ ಸಿಎಸ್‌ಎಸ್ ಹಿಂದೆ ಉಳಿದು ಕಪ್ಪು ಗುಡ್ಡ ಎದ್ದಿದ್ದೂ ಇದೇ ರೀತಿಯಲ್ಲಿ ಅಲ್ವಾ? ಅದನ್ನು ಒಮ್ಮೆ ಕಂಡವರು ಇದನ್ನೂ ಮೊದಲೇ ಕಾಣಬೇಕಿತ್ತು.

ಸಂಯೋಜಕರು ಆ ಊರಿಗೆ ಹೋಗಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೂ ವಾರದ ಪುಸ್ತಕ ತೆರೆದು ತೋರಿಸಿದರು. ಡೆವಲಪರ್ ಆ ರಾತ್ರಿಯೇ ಎಸ್‌ವಿಜಿ ಬದಲಿಸಿದರು. ಈಗ ಚಿತ್ರದ ಮೇಲ್ತುದಿಯಲ್ಲಿ ಊರಿನ ಹೆಸರು, ಮಳೆಯ ಹೆಸರು, ಅಳತೆ ತೆಗೆದ ಮೊದಲ ಮತ್ತು ಕೊನೆಯ ತಾರೀಖು ಇರುತ್ತವೆ. ಕೊಳವೆಬಾವಿಯ ಚಾರ್ಟ್‌ನಲ್ಲಿ ತೋಟದವರ ಹೆಸರು ತೆಗೆದು ಬಾವಿಗೆ ಒಂದು ಸಂಖ್ಯೆ ಕೊಟ್ಟಿದ್ದೇವೆ. ಆ ಸಂಖ್ಯೆ ಯಾರದೆಂದು ಆಯಾ ಗುಂಪಿಗೆ ಮಾತ್ರ ಗೊತ್ತು.